ಗಿಯರಿಗೆ ಹಲ್ಲು ಕಟ್ಟುವವರು

"ಲಿಫ್ಟ್ ಏಳವಲ್ದು ಮೇಸ್ತ್ರಿ." ರೋಹಿಣಿ ಮಳೆಗೆ ಮುಂಚೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಲೇತ್ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಮೇಲಿಂದ ಮೇಲೆ ಬರುತ್ತಿದ್ದ ದೂರು ಇದು. ಮಣ್ಣಲ್ಲಿ ಹೂತ ನೇಗಿಲು ಮೇಲೇಳದಿದ್ದರೆ ಬದುವಿನ ಹತ್ತಿರ ಟ್ರ್ಯಾಕ್ಟರ್ ತಿರುಗಲಾರದು. ಹಡಗಲಿ, ಹರಪನಹಳ್ಳಿ ಕಡೆಯ ಎರೆ ಹೊಲದಲ್ಲಿ ಹಸಿ ಮಣ್ಣು ಮೆತ್ತಿಕೊಂಡು ನೇಗಿಲೇ ಭಾರ. ಕೂಡ್ಲಿಗಿಯ ಮಸಾರಿಯಲ್ಲಿ ಕಲ್ಲು ತಪ್ಪಿಸಲು ಎತ್ತಿಳಿಸುವುದೇ ಕೆಲಸ. ಎರಡೂ ಕಡೆ ಏಟು ತಿನ್ನುವುದು ನೇಗಿಲೆತ್ತುವ ಹೈಡ್ರಾಲಿಕ್.

1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿದ ಮಹೀಂದ್ರಾದವರ ಬಿ-275, ಮದ್ರಾಸಿನ ಟ್ಯಾಫೆಯ ಮ್ಯಾಸ್ಸಿ, 1971ರಿಂದ ಪಿಂಜೋರಿನಲ್ಲಿ ಜೆಟರ್ ಮಾದರಿಯಲ್ಲಿ ತಯಾರಾದ ಎಚ್‌ಎಂಟಿ: ಮೇಸ್ತ್ರಿ ಬಿಚ್ಚುತ್ತಿದ್ದದ್ದು ಇಂಥವನ್ನು. ವಾಚು ಮಾಡುತ್ತಿದ್ದ ಬೆಂಗಳೂರಿನ ಕಂಪನಿಯದೇ ಟ್ರ್ಯಾಕ್ಟರು ಅನ್ನುವುದು ನಮ್ಮವರಿಗೊಂದು ಹೆಮ್ಮೆ.

ಬಿಚ್ಚುವ ಮೊದಲೇ ಅರ್ಧ ಪರೀಕ್ಷೆ ಮುಗಿದಿರುತ್ತಿತ್ತು. ಮ್ಯಾಸ್ಸಿಯಲ್ಲಿ ಲಿಫ್ಟಿಗೆ ಎಣ್ಣೆ ಒತ್ತುವ ಪಂಪು ಹೊಟ್ಟೆಯೊಳಗಿನ ಎಣ್ಣೆಯಲ್ಲೇ ಮುಳುಗಿದ್ದು, ಹಿಂದೆ ಕಟ್ಟುವ ಯಂತ್ರಗಳಿಗೆ ಶಕ್ತಿ ಕೊಡುವ ಪಿಟಿಓ ಶಾಫ್ಟಿನಿಂದ ತಿರುಗುತ್ತದೆ. ಒಂದೇ ಕ್ಲಚ್ಚಿನ ಗಾಡಿಯಲ್ಲಿ ಕ್ಲಚ್ ಪೂರ್ತಿ ಒತ್ತಿದರೆ ಪಂಪೂ ನಿಂತು ಲಿಫ್ಟೂ ನಿಲ್ಲುತ್ತದೆ, ಅದು ರೋಗವಲ್ಲ. ಬೇರೆ ಕೆಲವು ಗಾಡಿಗಳಲ್ಲಿ ಇಂಜಿನ್ನಿನ ಗಿಯರುಗಳೇ ಪಂಪನ್ನು ತಿರುಗಿಸುತ್ತವೆ. ಹೀಗೆ ಗಿಯರಿರುವ ಗಾಡಿ ಬಂದರೆ ಮೇಸ್ತ್ರಿ ಕಿವಿಗೊಟ್ಟು ನಿಲ್ಲುತ್ತಿದ್ದ. ಕಟಕಟ ಅಂದರೆ ಹಲ್ಲು ಸವೆದಿದೆ.

ಗಿಯರು ಒಂದೇ ದಿಕ್ಕಿಗೆ ತಿರುಗುವುದರಿಂದ ಹಲ್ಲಿನ ಒಂದೇ ಮಗ್ಗುಲು ಸವೆಯುತ್ತದೆ. ನಡುವಿನ ಗುಬ್ಬ ಎರಡೂ ಕಡೆ ಸಮವಾಗಿದ್ದರೆ ಗಿಯರನ್ನು ಮಗುಚಿ ಹಾಕಿದರಾಯಿತು, ಸವೆಯದ ಮಗ್ಗುಲು ಭಾರ ಹೊರುತ್ತದೆ. ಕೂಲಿ ಬಿಟ್ಟರೆ ಖರ್ಚೇ ಇಲ್ಲದ ಈ ಉಪಾಯಕ್ಕಿಂತ ಜಾಣ ರಿಪೇರಿಯನ್ನು ನಾನು ಕಂಡಿಲ್ಲ. ಒಂದೋ ಎರಡೋ ಹಲ್ಲು ಮುರಿದಿದ್ದರೆ ಬೆಸುಗೆಯಿಂದ ಲೋಹ ತುಂಬಿ, ಲೇತಿನಲ್ಲಿ ಸುತ್ತು ಸರಿಮಾಡಿ, ಒಳ್ಳೆಯ ಹಲ್ಲಿನ ಅಚ್ಚನ್ನು ತಗಡಿನಲ್ಲಿ ಕತ್ತರಿಸಿಕೊಂಡು ಅರದಿಂದ ಉಜ್ಜುವುದು. ಜೋಡಿ ಗಿಯರಿಗೆ ನೀಲಿ ಬಣ್ಣ ಸವರಿ ತಿರುಗಿಸಿದರೆ ಎಲ್ಲಿ ತಾಗುತ್ತದೆ ಅನ್ನುವುದು ಕಾಣುತ್ತದೆ; ಅಲ್ಲಿ ಮತ್ತೆ ಅರ. ಪೂರ್ತಿ ಬಿಗಿಯಾದರೆ ಬಿಸಿಯಾಗಿ ಕೂಗುತ್ತದೆ, ಕೂದಲೆಳೆ ಸಡಿಲ ಬೇಕೇ ಬೇಕು. ಎಲ್ಲ ಹಲ್ಲೂ ಹೋಗಿದ್ದರೆ ಹೊಸ ಉಕ್ಕಿನ ತುಂಡನ್ನು ಮಿಲ್ಲಿಂಗ್ ಮಷಿನ್ನಿನಲ್ಲಿ ಕೊರೆಸಬೇಕು, ಅದಕ್ಕೆ ದಾವಣಗೆರೆಯೋ ಹುಬ್ಬಳ್ಳಿಯೋ.

ಬುದ್ಧಿವಂತ ಮೇಸ್ತ್ರಿ ಬೇರಿಂಗನ್ನೂ ಅಲ್ಲಾಡಿಸಿ ನೋಡದೆ ಮುಚ್ಚುತ್ತಿರಲಿಲ್ಲ. ಬೇರಿಂಗ್ ಸಡಿಲಾದರೆ ಶಾಫ್ಟ್ ಓಲಾಡಿ ಹೊಸ ಹಲ್ಲೂ ಸವೆಯುತ್ತದೆ, ಉದುರಿದ ಕಬ್ಬಿಣದ ಪುಡಿ ಎಣ್ಣೆಯಲ್ಲಿ ಸೇರಿ ಪಂಪನ್ನೇ ತಿನ್ನುತ್ತದೆ. ಕಟ್ಟಿದ ಹಲ್ಲು ಕಂಪನಿ ಹಲ್ಲಿನಷ್ಟು ಬಾಳುವುದಿಲ್ಲ, ನಿಜ. ಬೆಸುಗೆಗೆ ಅಷ್ಟು ಗಡಸು ಬರುವುದಿಲ್ಲ. ಆದರೆ ರೈತ ಆ ಗಿಯರನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ, ಯಾಕೆ ಕೆಟ್ಟಿತೆಂದು ಕೇಳುತ್ತಿದ್ದ, ಮುಂದಿನ ಸಲ ತಾನೇ ಗುರುತು ಹಿಡಿಯುತ್ತಿದ್ದ. ಈಗ ಪಂಪು ಇಡಿಯಾಗಿ ಬದಲಾಗುತ್ತದೆ, ಕೈಗೆ ಬರುವುದು ಬಿಲ್ಲು.

2016ರಲ್ಲಿ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ ಮುಚ್ಚುವ ತೀರ್ಮಾನವಾಯಿತು. ಹೀಗೆ ಹಳೆಯ ಗಾಡಿಗಳಿಗೆ ಕೈಕೆಲಸ ಅತ್ಯಗತ್ಯವಾದ ಹೊತ್ತಿಗೇ ಅದನ್ನು ಬಲ್ಲವರಿಗೆ ಕಣ್ಣು ಮಂಜಾಗಿತ್ತು. ಅವರ ಲೇತುಗಳ ಪಕ್ಕದಲ್ಲೇ ಮಕ್ಕಳು ಗೇಟು, ಶಟರು, ಟ್ರೇಲರು ಮಾಡುತ್ತಾರೆ. ಅದರಲ್ಲಿ ದುಡ್ಡಿದೆ, ಅವರನ್ನು ಬೈಯಲಾರೆ. ಲಿಫ್ಟ್ ಸತ್ತ ಎಚ್‌ಎಂಟಿಯನ್ನು ಬೇಸಿಗೆಯಲ್ಲಿ ನೀರಿನ ಟ್ಯಾಂಕರಿಗೆ ಕಟ್ಟುತ್ತಾರೆ, ಎಳೆಯುವುದಕ್ಕೆ ಹೈಡ್ರಾಲಿಕ್ ಬೇಡವಲ್ಲ. ಮಳೆ ಬಿದ್ದ ಮೇಲೆ ಅದೇ ಮನೆಯವರು ಹೊಲ ಹರಗಲು ಗಂಟೆ ಲೆಕ್ಕದಲ್ಲಿ ಬಾಡಿಗೆ ಟ್ರ್ಯಾಕ್ಟರ್ ಕರೆಸುತ್ತಾರೆ.