ಮೊದಲು ಕ್ಷೇಮ, ಆಮೇಲೆ ಲೆಕ್ಕ

ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಬ್ರಹ್ಮಗಿರಿಗೆ ಹೋಗುವುದು ನನ್ನ ವಾಡಿಕೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನದ ಮುಂದೆ ನಿಂತು ಧರ್ಮ ಹೇಳುವುದು ಕನ್ನಡ ಮೇಷ್ಟರಿಗೆ ಕಷ್ಟದ ಕೆಲಸವೇನಲ್ಲ. ತಾಯಿತಂದೆಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂದರೆ ಹುಡುಗರು ತಲೆಯಾಡಿಸುತ್ತಾರೆ. ಆದರೆ ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುವುದು ಶಾಸನದ ಮೊದಲ ಮಾತು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಅಪ್ಪಣೆ ಕಳಿಸುತ್ತಾರೆ. ಅಪ್ಪಣೆಗೆ ಮುಂಚೆ ಆರೋಗ್ಯ ಹಾರೈಸುತ್ತಾರೆ.

ಅದನ್ನು ಓದಿದಾಗಲೆಲ್ಲ ನನಗೆ ಮೊಳಕಾಲ್ಮುರಿನ ಒಂದು ಅಂಗಡಿ ನೆನಪಾಗುತ್ತದೆ.

ನಮ್ಮ ತಂದೆ ರೇಷ್ಮೆ ಸೀರೆ ನೇಯುತ್ತಿದ್ದವರು. ಸಾಹುಕಾರರು ರೇಷ್ಮೆ, ಜರಿ ಕೊಡುವುದು. ಇವರು ಮನೆಯ ಗುಂಡಿಮಗ್ಗದಲ್ಲಿ ನೇಯ್ದು ಕೂಲಿ ಪಡೆಯುವುದು. ಸೀರೆ ಹಿಡಿದು ಹೋದರೆ ಆ ಅಂಗಡಿಯಲ್ಲಿ ಮೊದಲು ಒಂದು ಚೆಂಬು ನೀರು, ಮನೆಯವರ ಕ್ಷೇಮಸಮಾಚಾರ, ಆಮೇಲೆ ತೂಕ. ಸಾಹುಕಾರರು ಊರಿನಲ್ಲಿಲ್ಲದ ದಿನವೂ ಗುಮಾಸ್ತರು ಈ ಕ್ರಮ ತಪ್ಪಿಸುತ್ತಿರಲಿಲ್ಲ. ಲೆಕ್ಕ ಎರಡು ಪುಸ್ತಕಗಳಲ್ಲಿ. ಒಂದು ನಮ್ಮ ಮನೆಯಲ್ಲೇ ಇರುತ್ತಿತ್ತು. ಎಳೆ ತಪ್ಪಿದ್ದರೆ ತಂದೆಯೇ ಮಡಿಕೆ ಬಿಚ್ಚಿ ತೋರಿಸುತ್ತಿದ್ದರು. ತಾನಾಗಿ ತೋರಿಸಿದ ತಪ್ಪಿಗೆ ಅಲ್ಲಿ ಕೂಲಿ ಮುರಿದುಕೊಳ್ಳುತ್ತಿರಲಿಲ್ಲ.

ನಾನಾಗ ಬಿ.ಎ. ಓದುತ್ತಿದ್ದೆ. ಲೋಕವನ್ನೆಲ್ಲ ತಿಳಿದವನೆಂಬ ಭ್ರಮೆ. ಬೇರೊಬ್ಬ ವರ್ತಕ ಹೆಚ್ಚು ಕೂಲಿ ಕೊಡುವನೆಂದು ಕೇಳಿ, ತಂದೆಯವರನ್ನು ಕಾಡಿ ಒಪ್ಪಿಸಿದೆ. ಇನ್ನು ನಿಮಗೆ ನೇಯುವುದಿಲ್ಲವೆಂದು ಹಳೆಯ ಅಂಗಡಿಗೆ ಕಾಗದ ಬರೆದವನೂ ನಾನೇ. ಮೂರೇ ಸಾಲು. ಕ್ಷೇಮ ಕೇಳುವ ಸಾಲು ಅದರಲ್ಲಿರಲಿಲ್ಲ.

ಹೊಸ ಅಂಗಡಿಯಲ್ಲಿ ಕೂಲಿ ಹೆಚ್ಚಾಗಿಯೇ ಇತ್ತು. ಲೆಕ್ಕ ಮಾತ್ರ ಅವರ ಪುಸ್ತಕದಲ್ಲಷ್ಟೇ. ಒಮ್ಮೆ ತಂದೆ ಅಭ್ಯಾಸಬಲದಿಂದ ತಪ್ಪಿದ ಎಳೆಯನ್ನು ತೋರಿಸಿದರು. ಅರ್ಧ ಕೂಲಿ ಹೋಯಿತು. ಮುಂದಿನ ಸೀರೆಯ ತಪ್ಪನ್ನು ತೋರಿಸದೆ ಮಡಿಸಿ ಕೊಟ್ಟು ಬಂದರು. ಆ ರಾತ್ರಿ ಊಟಕ್ಕೆ ಏಳಲಿಲ್ಲ. "ಈ ವಯಸ್ಸಿನಾಗೆ ಕಳ್ಳತನ ಕಲಿತೆನಲ್ಲೋ" ಎಂದರು. ನನಗೆ ಉತ್ತರ ತೋಚಲಿಲ್ಲ.

ನಾಲ್ಕು ತಿಂಗಳ ಮೇಲೆ ಇಬ್ಬರೂ ಹಳೆಯ ಅಂಗಡಿಗೆ ಹೋದೆವು. ನಾನು ಹೊಸ್ತಿಲಿನಾಚೆಯೇ ನಿಂತೆ. ಗುಮಾಸ್ತರು ಚೆಂಬು ತಂದಿಟ್ಟು, "ಚೆನ್ನಾಗಿದೀರಾ ಅಣ್ಣಾ? ಅಜ್ಜಿ ಮಂಡಿನೋವು ಹೆಂಗೈತೆ?" ಎಂದರು. ಕಾಗದದ ಮಾತೆತ್ತಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಒಳಗೆ ಬಾರಪ್ಪಾ, ನೀರು ಕುಡಿ" ಎಂದರು. ಆ ನೀರು ಗಂಟಲಿನಲ್ಲಿ ಇಳಿಯುವುದು ಕಷ್ಟವಾಯಿತು. ಕೈ ನಡೆಯುವಷ್ಟು ಕಾಲವೂ ತಂದೆ ಆ ಅಂಗಡಿಗೇ ನೇಯ್ದರು. ಸಾಹುಕಾರರ ಮಗ ಗದ್ದಿಗೆಗೆ ಬಂದ ಮೇಲೂ.

2011ರಲ್ಲಿ ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ಸೀರೆಯ ಹೆಸರನ್ನು ಕಾನೂನು ಕಾಯುತ್ತದೆ, ಸರಿ. ಮಡಿಕೆ ಬಿಚ್ಚಿ ತಪ್ಪು ತೋರಿಸುವ ಧೈರ್ಯವನ್ನು ಕಾಯುವವರು ಯಾರು? ನಾನು ಕಂಡಂತೆ ಒಬ್ಬ ಗುಮಾಸ್ತರು, ಒಂದು ಚೆಂಬು ನೀರು.

ಬ್ರಹ್ಮಗಿರಿಯ ಬಂಡೆಯ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರಿದೆ. ಅಪ್ಪಣೆ ಚಕ್ರವರ್ತಿಯದು, ಊರವರ ಕಣ್ಣಿಗೆ ಬಿದ್ದದ್ದು ಚಪಡನ ಅಕ್ಷರ. ಹುಡುಗರಿಗೆ ಆ ಹೆಸರನ್ನು ತೋರಿಸದೆ ನಾನು ಬೆಟ್ಟ ಇಳಿಯುವುದಿಲ್ಲ. ಮನೆಗೆ ಬಂದು ಯಾರಿಗೆ ಕಾಗದ ಬರೆದರೂ ಮೊದಲ ಸಾಲು ಕ್ಷೇಮದ್ದು. ವ್ಯವಹಾರದ ಕಾಗದವಾದರಂತೂ ತಪ್ಪದೆ.