ಕಿಸೆಯೊಳಗಿನ ನಾನೂರು ಹಾಡು

ತಿಂಗಳಿಗೆ ಇಷ್ಟು ಅಂತ ರೊಕ್ಕ ಕಟ್ಟಿದರೆ ಫೋನಿನಲ್ಲಿ ಕೋಟಿಗಟ್ಟಲೆ ಹಾಡು ಕೇಳಬಹುದಂತೆ. ಕೇಳ್ರಪ್ಪಾ, ಬ್ಯಾಡ ಅಂದವರ್ಯಾರು! ಆದರೆ ಚಿತ್ರರಸಿಕ ತಮ್ಮಂದಿರೇ, ಆ ಕೋಟಿಯೊಳಗೆ ನಿಮ್ಮವು ಎಷ್ಟು? ಒಂದೂ ಇಲ್ಲ. ರೊಕ್ಕ ನಿಂತರೆ ಹಾಡಿಗೆ ಜಾಹೀರಾತು ಅಡ್ಡ ಬರುತ್ತದೆ, ನೆಟ್‌ವರ್ಕ್ ನಿಂತರೆ ಫೋನೇ ಮೂಕ. ಹಿಂದೆ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ಸಿಗುತ್ತಿತ್ತಲ್ಲ, ಇದು ಹಾಗೆ ಬಾಡಿಗೆ ಹಾಡು. ಸೈಕಲ್ಲಾದರೂ ಒಂದು ತಾಸು ನಮ್ಮ ಕೈಯಲ್ಲಿರುತ್ತಿತ್ತು!

"ಮುದುಕ ಹಳೇ ರಾಗ ತೆಗದಾನ" ಅನ್ನಬೇಡಿ. ಕ್ಯಾಸೆಟ್ಟಿಗಾಗಿ ಕಣ್ಣೀರು ಹಾಕುವ ಪೈಕಿ ನಾನಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿನೊಳಗೆ ಸುಮಾರು 86 ಮೀಟರ್ ಕಂದು ಪಟ್ಟಿ ಇರುತ್ತಿತ್ತು. ಮನಸ್ಸು ಬಂದಾಗ ಓಡುತ್ತಿತ್ತು, ಮನಸ್ಸು ಬಂದಾಗ ಗಾಲಿಗೆ ಸುತ್ತಿಕೊಳ್ಳುತ್ತಿತ್ತು, ನಾವು ಪೆನ್ಸಿಲ್ ತೂರಿಸಿ ತಿರುಗಿಸುತ್ತ ಕೂಡಬೇಕು. 1987ರಲ್ಲಿ ರವಿಚಂದ್ರನ್ ಅವರ 'ಪ್ರೇಮಲೋಕ' ಬಂದಾಗ ಹಂಸಲೇಖರ ಹಾಡುಗಳನ್ನು ಎಷ್ಟು ಕೇಳಿದೆವೆಂದರೆ, ನಮ್ಮ ಓಣಿಯ ಕ್ಯಾಸೆಟ್ಟು ಸವೆದು ಕೊನೆಕೊನೆಗೆ ಗಾಯಕರು ಬಾವಿಯೊಳಗೆ ನಿಂತು ಹಾಡಿದಂತಿತ್ತು.

ನಾನು ವಕೀಲಿ ಮಾಡಲು ಹೊರಟಿರುವುದು ಮೆಮೊರಿ ಕಾರ್ಡಿನ ಪರವಾಗಿ. ಕಿರುಬೆರಳಿನ ಉಗುರಿನಷ್ಟಿದ್ದ ಕಪ್ಪು ಚಿಪ್ಪು! 2 ಜಿಬಿ ಕಾರ್ಡು ಅನ್ನಿ. ಐದು ನಿಮಿಷದ ಹಾಡು ಎಂಪಿ3 ಆದರೆ ಹೆಚ್ಚುಕಡಿಮೆ 5 ಎಂಬಿ. ಅಂದರೆ ಒಂದು ಕಾರ್ಡಿಗೆ ನಾನೂರು ಹಾಡು, ಅಂಗಿಯ ಕಿಸೆಯಲ್ಲಿ. 'ಮುಂಗಾರು ಮಳೆ' ತೆರೆ ಕಂಡದ್ದು 2006ರ ಡಿಸೆಂಬರ್ 29ಕ್ಕೆ. ಅದರ ಮುಂದಿನ ಐದಾರು ವರ್ಷಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಯಾವ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಎದುರಿಗೆ ಮೊಬೈಲ್ ಅಂಗಡಿ. ಹೊರಗೆ ಕರೆನ್ಸಿ ಕಾರ್ಡುಗಳ ತೋರಣ, ಒಳಗೆ ಧೂಳು ಹಿಡಿದ ಒಂದು ಕಂಪ್ಯೂಟರ್, ಅದರ ಮುಂದೆ ಪಿಯುಸಿಯಲ್ಲಿ ಢುಮ್ಕಿ ಹೊಡೆದ ಒಬ್ಬ ಹುಡುಗ. ಇಪ್ಪತ್ತು ರೂಪಾಯಿ ಕೊಟ್ಟರೆ ಕಾರ್ಡ್ ಫುಲ್.

ಆ ಹುಡುಗನನ್ನು ಸಾಮಾನ್ಯ ಅಂತ ತಿಳೀಬ್ಯಾಡ್ರಿ! ಈಗ ಕಂಪ್ಯೂಟರು ನಮ್ಮ ರುಚಿಯನ್ನು ತಾನೇ ಊಹಿಸುತ್ತದೆ ಅಂತ ದೊಡ್ಡ ಕಂಪನಿಗಳು ಡಂಗುರ ಹೊಡೆಯುತ್ತವೆ. ಇವನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾವ ಊರಣ್ಣಾ?" ಇಂಡಿ ಕಡೆಯ ಹಳ್ಳಿಯಾದರೆ ಹರದೇಶಿ-ನಾಗೇಶಿ, ಡೊಳ್ಳಿನ ಪದ ಮೊದಲು. ತಾಂಡಾದವನಾದರೆ ಬಂಜಾರ ಹಾಡು. ರುಮಾಲಿನ ಹಿರಿಯರಿಗೆ ಭಜನಾ ಪದ, ಡಾ. ರಾಜ್. ಮೀಸೆ ಈಗಷ್ಟೇ ಮೂಡಿದವನಿಗೆ ಪುನೀತ್, ಗಣೇಶ್, ಮತ್ತೆ ಕೇಳದಿದ್ದರೂ ಹತ್ತು ಹಿಂದಿ ದುಃಖದ ಹಾಡು. "ಇದ್ಯಾಕೋ?" ಅಂದರೆ "ಮುಂದ ಬೇಕಾಗ್ತಾವ, ಇರ್ಲಿ ತಗೋ" ಅನ್ನುತ್ತಿದ್ದ. ಬೇಕಾದವು!

ಆ ಕಾಲದ ಚೈನಾ ಸೆಟ್ಟು ನೆನಪಿದೆಯೇ? ಬಸ್ಸಿನ ಹಿಂದಿನ ಸೀಟಿನಲ್ಲಿ ಹಚ್ಚಿದರೆ ಡ್ರೈವರ್ ತಲೆದೂಗುತ್ತಿದ್ದ. 2009ರ ನವೆಂಬರ್ 30ಕ್ಕೆ ಸರಿಯಾದ ಐಎಂಇಐ ನಂಬರ್ ಇಲ್ಲದ ಸೆಟ್ಟುಗಳಿಗೆ ಸರ್ಕಾರ ಕರೆ ಬಂದ್ ಮಾಡಿಸಿತು. ಕರೆ ಬಂದ್ ಆಯಿತೇ ಹೊರತು ಹಾಡು ಬಂದ್ ಆಗಲಿಲ್ಲ. ಎಷ್ಟೋ ಮಂದಿ ಆ ಸೆಟ್ಟನ್ನು ಬರೇ ಹಾಡಿಗಂತ ಇಟ್ಟುಕೊಂಡರು. ಮುದ್ದೇಬಿಹಾಳ ಕಡೆಯಿಂದ ಗೋವಾಕ್ಕೆ ದುಡಿಯಲು ಹೋದವರ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರ ಗಂಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ಸಂಗಡ ಅದೂ ಹೋಯಿತು. ಕಬ್ಬಿನ ಫಡದಲ್ಲಿ ಅದಕ್ಕೆ ಟವರ್ ಬೇಕಾಗಿರಲಿಲ್ಲ.

ಇದು ಕಳ್ಳತನ ಅಲ್ಲೇನ್ರೀ ಅಂತ ನೀವು ಕೇಳಬಹುದು. ಹೌದು, ಕಳ್ಳತನವೇ. ಹಾಡು ಬರೆದವರಿಗೆ, ಹಾಡಿದವರಿಗೆ, ರೊಕ್ಕ ಹಾಕಿದ ಕಂಪನಿಗೆ ಅದರಿಂದ ಒಂದು ಪೈಸೆ ಮುಟ್ಟಲಿಲ್ಲ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಇನ್ನೊಂದು ಲೆಕ್ಕ ಇದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆ ಕಂಡದ್ದು 1934ರ ಮಾರ್ಚ್ 3ರಂದು. ತೆಗೆದದ್ದು ಕೊಲ್ಹಾಪುರದಲ್ಲಿ, ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರದ ಊರಲ್ಲಿ. ಇವತ್ತು ಅದರ ಒಂದು ಪ್ರಿಂಟೂ ಉಳಿದಿಲ್ಲ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಹೇಗೆ ನಟಿಸಿದ್ದರು ಅಂತ ನಾವು ಓದಿ ತಿಳಿಯಬೇಕೇ ವಿನಾ ನೋಡುವಂತಿಲ್ಲ. ಆಗಿನ ರೀಲು ಪ್ರೇಕ್ಷಕನ ಕಿಸೆಯಲ್ಲಿ ಇರುವ ವಸ್ತು ಆಗಿರಲಿಲ್ಲವಲ್ಲ!

ನಮ್ಮ ಮನೆಯದೇ ಒಂದು ಮಾತು ಹೇಳುತ್ತೇನೆ. ನಮ್ಮ ಕಾಕಾ ಹರದೇಶಿ ಹಾಡುತ್ತಿದ್ದ. ಎದುರು ನಾಗೇಶಿ ಮೇಳ ಕುಳಿತರೆ ಬೆಳಗಿನ ತನಕ ಸವಾಲು-ಜವಾಬು. ಒಂದು ಜಾತ್ರೆಯಲ್ಲಿ ಯಾರೋ ಪುಣ್ಯಾತ್ಮ ಅದನ್ನು ಕ್ಯಾಸೆಟ್ಟಿಗೆ ಹಿಡಿದಿದ್ದ. ಮುಂದೆ ನಮ್ಮ ಕಾರ್ಡಿನಂಗಡಿಯ ಹುಡುಗ ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ವೈರ್ ಎಳೆದು ಅದನ್ನು ಎಂಪಿ3 ಮಾಡಿದ. ಊರಿನ ಅರ್ಧ ಮಂದಿಯ ಕಾರ್ಡಿಗೆ ಕಾಕಾ ಹೋಗಿ ಕುಳಿತ.

ಕಾಕಾ ತೀರಿಹೋದ. ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯಿತು. ಅಂಗಡಿ ಎಗ್‌ರೈಸ್ ಸೆಂಟರ್ ಆಗಿ ಕಂಪ್ಯೂಟರು ಗುಜರಿಗೆ ಹೋಯಿತು. ಒಂದು ದಿನ ಕಾಕಿ "ಅವರ ದನಿ ಒಮ್ಮೆ ಕೇಳಸೋ ಯಪ್ಪಾ" ಅಂದಳು. ಕೋಟಿ ಹಾಡಿನ ಕಣಜಗಳನ್ನೆಲ್ಲ ಹುಡುಕಿದೆ. ಕಾಕಾನ ಹೆಸರು ಹಾಕಿದರೆ ಯಾವುದೋ ತೆಲುಗು ಪಿಚ್ಚರಿನ ಐಟಂ ಸಾಂಗ್ ಬಂತು! ಕಡೆಗೆ ಸಿಕ್ಕದ್ದು ಗೋವಾದಲ್ಲಿ. ನನ್ನ ದೋಸ್ತ ಒಬ್ಬ ಅಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಅವನ ಟ್ರಂಕಿನ ತಳದಲ್ಲಿದ್ದ ಒಡಕು ಸೆಟ್ಟಿನೊಳಗೆ ಆ ಕಾರ್ಡು ಹಾಗೇ ಇತ್ತು. ಇಪ್ಪತ್ತೆರಡು ನಿಮಿಷ. ನಡುವೆ ಯಾರೋ ಕೆಮ್ಮುತ್ತಾರೆ, ಯಾವುದೋ ಕೂಸು ಅಳುತ್ತದೆ. ಕಾಕಿ ಅಳಲಿಲ್ಲ. ಪೂರ್ತಿ ಕೇಳಿ, "ಆ ರಾತ್ರಿ ಉಂಡಿರಲಿಲ್ಲ ಅವರು" ಅಂದಳು.

ಈಗ ಹೇಳಿ, ಯಾವ ಕಂಪನಿ ಇದನ್ನು ಕಾಯ್ದು ಕೊಡುತ್ತಿತ್ತು? 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಡೇಟಾ ಸೋವಿಯಾಯಿತು, ಕಾರ್ಡಿನಂಗಡಿಗಳಿಗೆ ಗಿರಾಕಿ ತಪ್ಪಿತು. 2020ರ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಯಿತು. ನಿಷೇಧ ಸರಿಯೋ ತಪ್ಪೋ ಬೇರೆ ಮಾತು, ನಮ್ಮ ಹುಡುಗರು ಹೊಲದಲ್ಲಿ ಕುಣಿದು ಹಾಕಿದ್ದೆಲ್ಲ ಅದರ ಜೊತೆಗೇ ಮಾಯ. ಆ ವರ್ಷವೇ ಗೂಗಲ್ ತನ್ನ ಪ್ಲೇ ಮ್ಯೂಸಿಕ್ ಮುಚ್ಚಿತು. 2024ರ ಜನವರಿ 31ಕ್ಕೆ ರೆಸ್ಸೊ ಹೋಯಿತು, ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮುಚ್ಚುವುದಾಗಿ ಸಾರಿತು. ಫೋನಿನವರೂ ಕಡಿಮೆಯಿಲ್ಲ. ಐಫೋನಿಗೆ ಆಪಲ್‌ನವರು ಕಾರ್ಡಿನ ಜಾಗ ಯಾವತ್ತೂ ಕೊಟ್ಟವರಲ್ಲ, ಸ್ಯಾಮ್‌ಸಂಗ್ ಕೂಡ 2021ರ ಎಸ್21ರಿಂದ ಅದನ್ನು ಕಿತ್ತುಹಾಕಿತು. ರೊಕ್ಕ ಹೆಚ್ಚು, ಜಾಗ ಕಡಿಮೆ!

ಹೊಸದರಿಂದ ಒಳ್ಳೆಯದು ಆಗೇ ಇಲ್ಲ ಅಂದರೆ ನಾಲಿಗೆ ಬಿದ್ದೀತು. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ನಮ್ಮ ಕಡೆಯ ಮಾತಿನಲ್ಲಿ ಹಾಡಿ ಯೂಟ್ಯೂಬಿನಿಂದಲೇ ನಾಡಿಗೆಲ್ಲ ಗೊತ್ತಾದ, 2025ರಲ್ಲಿ ಬಿಗ್ ಬಾಸ್ ಮನೆಗೂ ಹೋದ. ಗಾಂಧಿನಗರ ನಮ್ಮ ಮಾತನ್ನು ಬಹಳ ಸಲ ನಗಿಸಲಿಕ್ಕೆ ಮಾತ್ರ ಬಳಸಿತು ಅನ್ನುವ ಸಿಟ್ಟು ನನಗಿದೆ, ಅದಕ್ಕೆ ಇದು ತಕ್ಕ ಜವಾಬು. ಆದರೆ ಆ ಹಾಡನ್ನು ಸಹ ಟ್ರ್ಯಾಕ್ಟರಿನವರು ಪೆನ್ ಡ್ರೈವಿಗೆ ಹಾಕಿಸಿಕೊಂಡೇ ಬಾಕ್ಸಿನಲ್ಲಿ ಹಚ್ಚುತ್ತಾರೆ. ಶಾಣ್ಯಾ ಮಂದಿ!

ಅದಕ್ಕೇ ಹೇಳುವುದು. ನಿಮ್ಮ ಮನೆಯ ಗೂಡಿನಲ್ಲಿ, ಅಣ್ಣನ ಹಳೇ ಸೆಟ್ಟಿನಲ್ಲಿ ಒಂದು ಕಾರ್ಡು ಇದ್ದೇ ಇರುತ್ತದೆ, ಈ ವಾರವೇ ಹೊರಗೆ ತೆಗೆಯಿರಿ. ಅದರೊಳಗೆ ಹಾಡು ನಿಂತಿರುವುದು ವಿದ್ಯುತ್ತಿನ ಸಣ್ಣ ಸಣ್ಣ ಕಣವಾಗಿ. ವರ್ಷಗಟ್ಟಲೆ ಸುಮ್ಮನೆ ಬಿದ್ದರೆ ಮೆಲ್ಲಗೆ ಸೋರಿಹೋಗುತ್ತದೆ. ಕಾರ್ಡ್ ರೀಡರಿಗೆ ನೂರಿನ್ನೂರು ರೂಪಾಯಿ, ಒಂದು ಪಿಚ್ಚರಿನ ಖರ್ಚು. ಎರಡು ಕಡೆ ಕಾಪಿ ಮಾಡಿ, ಒಂದನ್ನು ದೋಸ್ತನ ಹತ್ತಿರ ಇಡಿ. ಸಿನಿಮಾ ಹಾಡು ಆಮೇಲೆ ನೋಡಿದರಾಯಿತು, ಅವು ಎಲ್ಲಾದರೂ ಸಿಗುತ್ತವೆ. ಮೊದಲು ಹೆಸರಿಲ್ಲದ ಫೈಲುಗಳನ್ನು ಹಚ್ಚಿ ಕೇಳಿ. ಕಾಕಾ ಸಿಕ್ಕದ್ದು 'ನ್ಯೂ ಫೋಲ್ಡರ್ 3'ರೊಳಗೆ.