ಅಲೋಹಾ ನಾಡಿನಲ್ಲಿ ಕೋವಿಯ ಮಾತು

ಪೆಸಿಫಿಕ್ ಮಹಾಸಾಗರದ ನಡುವೆ, ಅಮೆರಿಕದ ಪಶ್ಚಿಮ ತೀರದಿಂದ ಸುಮಾರು 2,400 ಮೈಲು ದೂರದಲ್ಲಿ, ಹವಾಯಿ ದ್ವೀಪಸಮೂಹವಿರುವುದು. 1959ರಲ್ಲಿ ಇದು ಅಮೆರಿಕದ ಐವತ್ತನೆಯ ಸಂಸ್ಥಾನವಾಯಿತು. ಇದರ ರಾಜಧಾನಿಯಾದ ಹೊನೊಲುಲುವಿನಲ್ಲಿ ನಾವು ಕೆಲವು ದಿನ ತಂಗಿದ್ದೆವು. ಹೂವಿನ ಚಿತ್ತಾರದ ಅಂಗಿಯನ್ನು ತೊಟ್ಟೇ ಜನರು ಕಚೇರಿಗೆ ಹೋಗುವರು. ಬರುವವನಿಗೂ ಹೋಗುವವನಿಗೂ ಒಂದೇ ನುಡಿ, 'ಅಲೋಹಾ'. ಪ್ರೀತಿಯೆಂಬುದೂ ಅದೇ ನುಡಿಯ ಅರ್ಥವು. ಈ ಭಾವವನ್ನು 1986ರಲ್ಲಿ ಶಾಸನದಲ್ಲಿಯೂ ಬರೆದಿಟ್ಟರು.

ಅಮೆರಿಕದ ಉಳಿದ ಅನೇಕ ಸಂಸ್ಥಾನಗಳಲ್ಲಿ ಕೋವಿಯ ಹಕ್ಕೆಂದರೆ ಚುನಾವಣೆಯನ್ನೇ ಅಲುಗಾಡಿಸುವ ವಿಷಯ. ಇಲ್ಲಿಯಾದರೋ ಆ ಮಾತೆತ್ತಿದರೆ ಜನರು ನಕ್ಕು, ಸಮುದ್ರದ ಅಲೆಯ ಮಾತಿಗೆ ಹೊರಳುವರು. ಕೋವಿ ಕೊಳ್ಳಬೇಕಾದರೆ ಪೊಲೀಸ್ ಮುಖ್ಯಸ್ಥನ ಅನುಮತಿ ಬೇಕು. ಕೊಂಡ ಮೇಲೆ ಅದನ್ನು ನೋಂದಾಯಿಸಬೇಕು. ಇದಕ್ಕಾಗಿ ಬೀದಿಗಿಳಿದವರನ್ನು ನಾವು ಕಾಣಲಿಲ್ಲ. ಕೈಲ್‌ಪೊಳ್ದಿನಂದು ಕೋವಿಯನ್ನು ಪೂಜಿಸುವ ನಮ್ಮ ಕೊಡಗಿನವರಿಗೆ ಇದು ವಿಚಿತ್ರವಾಗಿ ತೋರೀತು.

ಇದು ಬರಿಯ ಸೋಮಾರಿತನವೆಂದು ನಮಗೆ ತೋರಲಿಲ್ಲ. ಅಪಾಯಕರವಾದ ಆಯುಧಗಳನ್ನು ಇಟ್ಟುಕೊಳ್ಳಕೂಡದೆಂದು 1833ರಲ್ಲಿಯೇ ಅರಸನಾದ ಮೂರನೆಯ ಕಮೆಹಮೆಹನು ಶಾಸನ ಮಾಡಿದ್ದನು. 1887ರಲ್ಲಿ ಸಶಸ್ತ್ರರಾದ ಬಿಳಿಯರು ಅರಸ ಕಲಾಕೌವನನ್ನು ಬೆದರಿಸಿ, ಅವನ ಅಧಿಕಾರವನ್ನು ಕುಗ್ಗಿಸುವ ಸಂವಿಧಾನಕ್ಕೆ ರುಜು ಹಾಕಿಸಿದರು. ಅದಕ್ಕೆ 'ಬಯೊನೆಟ್ ಸಂವಿಧಾನ'ವೆಂದೇ ಹೆಸರಾಯಿತು. 1893ರಲ್ಲಿ ಅಮೆರಿಕದ ಯುದ್ಧನೌಕೆಯ ಸೈನಿಕರು ದಡಕ್ಕಿಳಿದಿರಲು, ರಾಣಿ ಲಿಲಿಯುಒಕಲಾನಿಯು ರಕ್ತಪಾತವಾಗಬಾರದೆಂದು ಸಿಂಹಾಸನವನ್ನು ಬಿಟ್ಟುಕೊಟ್ಟಳು. 1895ರಲ್ಲಿ ಆಕೆಯನ್ನು ಬಂಧಿಸಿಟ್ಟ ಇಯೊಲಾನಿ ಅರಮನೆಯ ಕೋಣೆಯನ್ನು ಇಂದಿಗೂ ತೋರಿಸುವರು. ಕೋವಿಯು ಸ್ವಾತಂತ್ರ್ಯವನ್ನು ತಂದುಕೊಟ್ಟಿತೆಂಬ ಕಥೆ ಭೂಖಂಡದ ಅಮೆರಿಕದ್ದು. ಅದನ್ನು ಕಸಿದುಕೊಂಡ ಕಥೆ ಈ ದ್ವೀಪದ್ದು.

ಆದರೂ ದ್ವೀಪದ ಶಾಂತಿಯನ್ನು ದೂರದ ವಾಷಿಂಗ್ಟನ್ನಿನಲ್ಲಿ ತೂಕಕ್ಕಿಟ್ಟರು. ಆತ್ಮರಕ್ಷಣೆಗಾಗಿ ಮನೆಯ ಹೊರಗೂ ಪಿಸ್ತೂಲನ್ನು ಒಯ್ಯುವುದು ಸಂವಿಧಾನದತ್ತ ಹಕ್ಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2022ರ ಜೂನ್ 23ರಂದು ತೀರ್ಪಿತ್ತಿತು. ಅದುವರೆಗೆ ಹವಾಯಿಯಲ್ಲಿ ಅಂತಹ ಪರವಾನಗಿ ದೊರೆಯುವುದೇ ವಿರಳವಾಗಿತ್ತು. ಸಂಸ್ಥಾನದವರು 2023ರಲ್ಲಿ ಹೊಸ ಕಾಯಿದೆ ಮಾಡಿ, ಕಡಲತೀರ, ಉದ್ಯಾನಗಳಲ್ಲಿಯೂ, ಒಡೆಯನ ಒಪ್ಪಿಗೆಯಿಲ್ಲದ ಅಂಗಡಿಗಳಲ್ಲಿಯೂ ಕೋವಿಯನ್ನು ತಡೆದರು. ಮಾರಕಾಯುಧ ಧರಿಸಿ ತಿರುಗುವ ಬಾಳಿಗೂ ಅಲೋಹಾ ಭಾವಕ್ಕೂ ಹೊಂದದೆಂದು 2024ರ ಫೆಬ್ರವರಿಯಲ್ಲಿ ಹವಾಯಿಯ ಉಚ್ಚತಮ ನ್ಯಾಯಾಲಯವೇ ಬರೆಯಿತು. ಅಂಗಡಿಗಳ ಕುರಿತಾದ ಆ ನಿರ್ಬಂಧದ ವಿವಾದವನ್ನು 2025ರ ಅಕ್ಟೋಬರಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ವಿಚಾರಣೆಗೆ ಎತ್ತಿಕೊಂಡಿತು.

ಈ ವ್ಯವಹಾರದಲ್ಲಿ ಜನರ ಪಾಲೆಷ್ಟು? 1959ರ ಚುನಾವಣೆಯಲ್ಲಿ ಇಲ್ಲಿ ನೋಂದಾಯಿತ ಮತದಾರರ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮತವಿತ್ತರು. 2016ರ ಅಧ್ಯಕ್ಷ ಚುನಾವಣೆಯಲ್ಲಿ ಅರ್ಹರಾದವರ ಪೈಕಿ ಅರ್ಧಕ್ಕಿಂತಲೂ ಕಡಿಮೆ ಜನ. ದೇಶದ ಸಂಸ್ಥಾನಗಳಲ್ಲೆಲ್ಲ ಅದೇ ಕೊನೆಯ ಸ್ಥಾನ. 2020ರಲ್ಲಿ ಮತಪತ್ರವನ್ನು ಅಂಚೆಯಲ್ಲಿ ಮನೆಗೇ ಕಳುಹಿಸಲು ಮೊದಲುಮಾಡಿದ ಮೇಲೆ ಸಂಖ್ಯೆಯು ಆ ವರ್ಷ ಏರಿತು.

'ಉದಾಸೀನ'ನೆಂದರೆ ಪಕ್ಷವಹಿಸದೆ ದೂರ ಕುಳಿತವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅವನು ದುರ್ಬಲನಲ್ಲ. ಬೇಕಾದವನಿಗೆ ನೆರವಾಗಲೂ, ಬೇಡವಾದವನನ್ನು ತಡೆಯಲೂ ಶಕ್ತನಾದ ಅರಸು. ಹವಾಯಿಯ ಜನರು ಕೋವಿಯ ವಿಷಯದಲ್ಲಿ ಉದಾಸೀನರಾಗಿರುವುದು ಅವರ ಸಂಸ್ಕಾರ. ಮತದ ವಿಷಯದಲ್ಲಿಯೂ ಹಾಗೆಯೇ ಇದ್ದರೆ ಅದು ಅಶಕ್ತಿಯಾದೀತು. ಕೋವಿಯನ್ನು ಬೇಡವೆನ್ನುವವನು ಮತಪತ್ರವನ್ನಾದರೂ ಕೈಯಲ್ಲಿ ಹಿಡಿದಿರಬೇಕಷ್ಟೆ. ವಾಚಕರ ಮನೆಗಳಲ್ಲಿಯೂ ಈ ಮಾತು ಸಲ್ಲುವುದೆಂದು ನಾವು ನಂಬಿರುವೆವು.